ಸಂವತ್ಸರಚಕ್ರವೂ ಗಣಕಯಂತ್ರದ ಗಡುವೂ

ಸಂಕೇಶ್ವರದ ಸೀಮೆಯಲ್ಲಿ, ನಾಡಿನ ಇತರೆಡೆಗಳಲ್ಲಿರುವಂತೆಯೇ, ಯುಗಾದಿಯ ಪಂಚಾಂಗಶ್ರವಣದಲ್ಲಿ ನೂತನ ಸಂವತ್ಸರದ ನಾಮವು ಘೋಷಿತವಾಗುವುದು. ಪ್ರಭವಾದಿ ನಾಮಗಳು 60 ಮಾತ್ರವೇ ಆದುದರಿಂದ ಅಕ್ಷಯವು ಮುಗಿದೊಡನೆ ಮರಳಿ ಪ್ರಭವವು ಬರುವುದು. 1987ರಲ್ಲಿ ಹಾಗೆಯೇ ಬಂದಿತು. ಶಕವರ್ಷವನ್ನು ಹೇಳದೆ ಸಂವತ್ಸರವನ್ನಷ್ಟೇ ಹೇಳುವ ಶಾಸನದ ಕಾಲನಿರ್ಣಯವು ಎಷ್ಟು ಕ್ಲಿಷ್ಟವೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಗಣಕಯಂತ್ರಗಳಲ್ಲಿಯೂ ಇಂತಹುದೇ ತೊಡಕೊಂದುಂಟು.

ಗಣಕದ ಆಪರೇಟಿಂಗ್ ಸಿಸ್ಟಂ ಎಂಬುದು ಅನೇಕ ಕಾರ್ಯಗಳಿಗೆ ಪಾಳಿಯನ್ನು ಹಂಚುತ್ತದೆ. ಕಾದಿರುವ ಕಾರ್ಯಕ್ಕೆ ಗಡುವನ್ನೂ ವಿಧಿಸುತ್ತದೆ. ಇದಕ್ಕಾಗಿ ಕಾಲದ ಮಿಡಿತಗಳನ್ನು ಎಣಿಸಬೇಕು. 1991ರಲ್ಲಿ ಆರಂಭವಾದ ಲಿನಕ್ಸಿನಲ್ಲಿ ಈ ಎಣಿಕೆಗೆ ಜಿಫೀಸ್ ಎಂದು ಹೆಸರು. 32 ಬಿಟ್ಟುಗಳ ಎಣಿಕೆಯು 429,49,67,295ನ್ನು ಮುಟ್ಟಿದ ಮೇಲೆ ಸೊನ್ನೆಗೆ ಮರಳುವುದು. ಸೆಕೆಂಡಿಗೆ 100 ಮಿಡಿತಗಳಾದರೆ ಸುಮಾರು 497 ದಿನಗಳಿಗೂ, 1000 ಆದರೆ ಸುಮಾರು 49 ದಿನ 17 ಗಂಟೆಗಳಿಗೂ ಈ ಆವರ್ತವು ಮುಗಿಯುವುದು.

ದೋಷದ ಸ್ವರೂಪಕ್ಕೆ ನಿದರ್ಶನವಿದು: 60ನೆಯದಾದ ಅಕ್ಷಯದಲ್ಲಿ ಸಾಲವನ್ನು ಪಡೆದವನು ಎರಡು ವರ್ಷಗಳ ತರುವಾಯ, 2ನೆಯದಾದ ವಿಭವದಲ್ಲಿ, ತೀರಿಸಬೇಕು. ಕ್ರಮಾಂಕಗಳನ್ನು ಮಾತ್ರ ಹೋಲಿಸುವ ಕರಣಿಕನು, 60 ಎಂಬುದು 2ಕ್ಕಿಂತ ದೊಡ್ಡದೆಂದು, ಪತ್ರ ಬರೆದ ದಿನವೇ ಗಡುವು ಮೀರಿತೆನ್ನುವನು. ಗಡುವು ಅಕ್ಷಯದಲ್ಲಿದ್ದು ಪ್ರಭವವು ಬಂದರೆ, ಇನ್ನೂ 59 ವರ್ಷಗಳಿವೆಯೆನ್ನುವನು. ಯಂತ್ರದಲ್ಲಿಯೂ ಹೀಗೆಯೇ ಒಂದು ಕಾರ್ಯವು ಅಕಾಲದಲ್ಲಿ ಎಚ್ಚರಗೊಳ್ಳುವುದು. ಮತ್ತೊಂದು ಎಚ್ಚರಗೊಳ್ಳದೆ ಉಳಿಯುವುದು.

ಪರಿಹಾರವು ಸರಳವಾದುದು. ಅಂಕಗಳನ್ನು ಹೋಲಿಸದೆ ಅಂತರವನ್ನು ನೋಡಬೇಕು. ಗಡುವಿನ 2ರಲ್ಲಿ 60ನ್ನು ಕಳೆದು, ಬಂದ ಋಣ 58ಕ್ಕೆ ಒಂದು ಆವರ್ತವನ್ನು ಕೂಡಿಸಿದರೆ 2 ಉಳಿಯುವುದು. ಶೇಷವು ಆವರ್ತದ ಅರ್ಧಕ್ಕಿಂತ ಕಡಿಮೆಯಾದರೆ ಗಡುವು ಮುಂದಿದೆ; ಹೆಚ್ಚಾದರೆ ಕಳೆದಿದೆ. ಲಿನಕ್ಸಿನಲ್ಲಿ ಈ ವಿಧಾನಕ್ಕೆ ಟೈಮ್ ಆಫ್ಟರ್ ಎಂಬ ಸೂತ್ರವಿದೆ. ಆದರೆ ಅಂತರವು ಅರ್ಧಾವರ್ತವನ್ನು ಮೀರಬಾರದೆಂಬ ನಿಯಮವನ್ನು ಮರೆಯಲಾಗದು. ಮೀರುವಲ್ಲಿ, ಸಂವತ್ಸರದೊಡನೆ ಶಕವರ್ಷವನ್ನೂ ಬರೆಯುವಂತೆ, 64 ಬಿಟ್ಟುಗಳ ಎಣಿಕೆಯೇ ಗತಿ.

ಇಂತಹ ದೋಷವು ತಿಂಗಳುಗಟ್ಟಲೆ ಅಡಗಿರುವುದರಿಂದ ಪರೀಕ್ಷೆಗೆ ಸಿಕ್ಕದು. ಆದಕಾರಣ ಲಿನಕ್ಸಿನ ಕರ್ತೃಗಳು ಎಣಿಕೆಯನ್ನು ಸೊನ್ನೆಯಿಂದ ತೊಡಗಿಸದೆ, ಆವರ್ತವು ಮುಗಿಯಲು ಐದು ನಿಮಿಷಗಳಿರುವಾಗಿನ ಅಂಕದಿಂದಲೇ ತೊಡಗಿಸಿದರು. ತಪ್ಪಿದ್ದರೆ ಅದು ಯಂತ್ರವನ್ನು ಚಾಲನೆಗೊಳಿಸಿದವನ ಕಣ್ಣೆದುರಿನಲ್ಲಿಯೇ ಪ್ರಕಟವಾಗಲಿ ಎಂಬುದೇ ಇದರ ತಾತ್ಪರ್ಯ.