ಜಾಗ ಬದಲಾದ ಹಾವು

ಊಟಿಯಿಂದ ಕಲ್ಹಟ್ಟಿ ಘಟ್ಟದ 36 ತಿರುವುಗಳನ್ನು ಇಳಿದು ಮಸಿನಗುಡಿಯ ಕುರುಚಲು ಕಾಡು ಸೇರಿದರೆ ನಾವು ಸ್ವೆಟರ್ ಕಳಚುತ್ತೇವೆ, ಅಷ್ಟೇ. ಹಾವಿಗೆ ಆ ಸೌಕರ್ಯವಿಲ್ಲ. ಅದರ ಮೈಯ ಕಾವೆಲ್ಲ ಬಿಸಿಲು, ಕಲ್ಲು, ನೆಲದಿಂದ ಬಂದದ್ದು. ಉಂಡದ್ದು ಅರಗುವುದೂ ರೋಗವನ್ನು ತಡೆದುಕೊಳ್ಳುವುದೂ ಆ ಕಾವಿನಿಂದಲೇ.

ಪಶ್ಚಿಮ ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಹೆಬ್ಬಾವನ್ನು ಇಲ್ಲಿ ಸಾಕಹೊರಟವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಜನವರಿಯ ರಾತ್ರಿ ಊಟಿಯಲ್ಲಿ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ; ಆ ಹಾವಿಗೆ ಬೇಕಾದದ್ದು ಸುಮಾರು 25ರಿಂದ 32 ಡಿಗ್ರಿ. ಚಳಿಯಲ್ಲಿ ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯಬಹುದು. ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತಂಪಾಗಿರಬೇಕು. ಎರಡು ಕಡೆಯೂ ಮೈಗೆ ಒತ್ತಿಕೊಳ್ಳುವಷ್ಟು ಇಕ್ಕಟ್ಟಾದ ಅಡಗುತಾಣ ಬೇಕು. ಅಡಗುತಾಣ ಒಂದೇ ಇದ್ದರೆ ಹಾವು ಕಾವು ಬಿಟ್ಟು ಅಡಗುವುದನ್ನೇ ಆರಿಸಿಕೊಂಡೀತು. ಮೊದಲ ವಾರ ಅದನ್ನು ಮುಟ್ಟಬಾರದು. ತಿನ್ನದಿದ್ದರೆ ಗಾಬರಿಯೂ ಬೇಡ: ಆರೋಗ್ಯವಾಗಿರುವ ಪೈಥಾನ್ ವಾರಗಟ್ಟಲೆ ಉಪವಾಸವಿರಬಲ್ಲದು. ಉಣ್ಣುವುದೇ ಅದರ ದೇಹಕ್ಕೆ ದೊಡ್ಡ ಕೆಲಸ. ಬರ್ಮಾ ಹೆಬ್ಬಾವು ಉಂಡ 48 ಗಂಟೆಗಳಲ್ಲಿ ಅದರ ಹೃದಯದ ಕೆಳಕೋಣೆಯ ತೂಕ ಸುಮಾರು ಶೇಕಡ 40ರಷ್ಟು ಏರುವುದನ್ನು 2005ರಲ್ಲಿ ವಿಜ್ಞಾನಿಗಳು ಕಂಡರು. ಅಂಥ ಹೊತ್ತಿನಲ್ಲಿ ಎತ್ತಿ ಆಡಿಸಿದರೆ ಉಂಡದ್ದನ್ನು ಕಕ್ಕಿಬಿಡಬಹುದು.

ನಮ್ಮ ನೆಲದ ಹಾವುಗಳನ್ನಂತೂ ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಆದರೂ ಅವುಗಳಿಗೆ ಹೊಸ ಮನೆ ತೋರಿಸುವ ಕೆಲಸ ನಿತ್ಯ ನಡೆಯುತ್ತಿದೆ, ಅದೂ ಒಳ್ಳೆಯ ಮನಸ್ಸಿನಿಂದ. ಮನೆಗೆ ಬಂದ ಹಾವನ್ನು ಹಿಡಿದು ‘ದಟ್ಟ ಕಾಡಿಗೆ’ ಬಿಟ್ಟರೆ ಪುಣ್ಯ ಬಂತೆಂದು ನಾವು ನಂಬಿದ್ದೇವೆ. ಆದರೆ ಹಾವಿಗೆ ತನ್ನ ಹರವಿನ ಬಿಲ, ನೀರು, ಬೇಟೆಯ ಜಾಗಗಳು ಗೊತ್ತು. ಹೊಸ ಕಾಡಿನಲ್ಲಿ ಅದು ಪರದೇಶಿ. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು 2008ರಿಂದ ಕಾಳಿಂಗಗಳಿಗೆ ರೇಡಿಯೋ ಅಳವಡಿಸಿ ಹಿಂಬಾಲಿಸಿದಾಗ, ದೂರ ಒಯ್ದು ಬಿಟ್ಟ ಕಾಳಿಂಗ ನೆಲೆ ನಿಲ್ಲದೆ ಅಲೆಯಿತು. ಅಮೆರಿಕದ ಬುಡುಬುಡಿಕೆ ಹಾವುಗಳ (ರ್ಯಾಟಲ್ ಸ್ನೇಕ್) ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಥಳಾಂತರಗೊಂಡವುಗಳಲ್ಲಿ ಸಾವು ಸ್ಥಳೀಯ ಹಾವುಗಳಿಗಿಂತ ಹಲವು ಪಟ್ಟು ಹೆಚ್ಚಿತ್ತು. ಮಳೆ ಸುರಿಯುವ ಗೂಡಲೂರಿನ ತೋಟದ ಹಾವನ್ನು ಮಸಿನಗುಡಿಯ ಒಣಕಾಡಿಗೆ ಬಿಡುವುದು ರಕ್ಷಣೆಯಲ್ಲ.

ಊಟಿಯ ಸುತ್ತಿನ ತರಕಾರಿ ಹೊಲ, ತೇಯಿಲೆ ತೋಟ ಅಗೆಯುವಾಗ ಪ್ಲೆಕ್ಟ್ರೂರಸ್ ಪೆರೊಟೆಟಿ ಎಂಬ ಪುಟ್ಟ ಹಾವು ಮೇಲೆ ಬರುವುದುಂಟು. ಮಣ್ಣಿನೊಳಗೇ ಬದುಕುವ, ಎರೆಹುಳು ತಿನ್ನುವ, ವಿಷವಿಲ್ಲದ ಜೀವಿ. ಮಕ್ಕಳಿಗೆ ತೋರಿಸಲೆಂದು ಬಾಟಲಿಗೆ ಹಾಕಿದರೆ ಅದಕ್ಕೆ ತೇವವೂ ಇಲ್ಲ, ಕತ್ತಲೂ ಇಲ್ಲ. ಅಗೆದ ಪಾತಿಯ ಪಕ್ಕದಲ್ಲೇ ಹಸಿಮಣ್ಣಿಗೆ ಬಿಟ್ಟರೆ ತಾನೇ ಒಳಗೆ ಇಳಿಯುತ್ತದೆ. ಯಾವ ಹಾವೆಂದು ಖಚಿತವಿಲ್ಲದಿದ್ದರೆ ಕೈ ಹಾಕದೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿ. ಹಿಡಿದವರನ್ನು ಎಲ್ಲಿ ಬಿಡುತ್ತೀರೆಂದು ಕೇಳಿ, ಹತ್ತಿರದಲ್ಲೇ ಬಿಡಲು ಹೇಳಿ.