ಲ್ಯಾಪ್‌ಟಾಪ್‌ಗೆ ಬದಲಿ ಚಾರ್ಜರ್ ಖರೀದಿಸುವ ಮುನ್ನ ಗಮನಿಸಬೇಕಾದ ಅಂಶಗಳು

(ಸಾರ್ವಜನಿಕರ ಮಾಹಿತಿಗಾಗಿ)

ವಿವಿಧ ಸೇವೆಗಳಿಗೆ ಮನೆಯಿಂದಲೇ ಅರ್ಜಿ ಸಲ್ಲಿಸುವ ನಾಗರಿಕರ ಪೈಕಿ ಅನೇಕರು ಲ್ಯಾಪ್‌ಟಾಪ್‌ಗಳನ್ನು ಬಳಸುತ್ತಾರೆ. ಕೊನೆಯ ದಿನಾಂಕ ಸಮೀಪಿಸಿರುವಾಗ ಚಾರ್ಜರ್ ಕೆಟ್ಟುಹೋದಲ್ಲಿ, ಕೈಗೆ ಸಿಕ್ಕ ಯಾವುದಾದರೊಂದು ಚಾರ್ಜರನ್ನು ಜೋಡಿಸುವುದು ಸಹಜ. ಆದರೆ ಪ್ಲಗ್ ರಂಧ್ರದೊಳಗೆ ಸೇರಿದ ಮಾತ್ರಕ್ಕೆ ಚಾರ್ಜರ್ ಹೊಂದಿಕೆಯಾಯಿತೆಂದು ಭಾವಿಸತಕ್ಕದ್ದಲ್ಲ. ಹೊಂದದ ಚಾರ್ಜರಿನಿಂದ ಲ್ಯಾಪ್‌ಟಾಪ್ ಹಾಳಾಗಬಹುದು. ಅತಿಯಾಗಿ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ಸಂಭವವೂ ಉಂಟು. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

1. ದೋಷವಿರುವ ಭಾಗವನ್ನು ಖಚಿತಪಡಿಸಿಕೊಳ್ಳುವುದು

ಮೊದಲು ಗೋಡೆಯ ಸಾಕೆಟ್‌ನಲ್ಲಿ ವಿದ್ಯುತ್ ಇದೆಯೇ ಎಂದು ಬೇರೊಂದು ಉಪಕರಣದಿಂದ ಪರೀಕ್ಷಿಸಿರಿ. ಗೋಡೆಯಿಂದ ಚಾರ್ಜರಿನ ಪೆಟ್ಟಿಗೆಯವರೆಗಿನ ವೈರು ಬಹುತೇಕ ಮಾದರಿಗಳಲ್ಲಿ ಬಿಡಿಸಿ ತೆಗೆಯಬಹುದಾದದ್ದಾಗಿರುತ್ತದೆ. ದೋಷ ಸದರಿ ವೈರಿನಲ್ಲಿ ಮಾತ್ರ ಇದ್ದಲ್ಲಿ ಅದನ್ನಷ್ಟೇ ಬದಲಿಸಿದರೆ ಸಾಕು.

2. ಲೇಬಲ್ ಓದುವ ಕ್ರಮ

ಹಳೆಯ ಚಾರ್ಜರಿನ ಮೇಲೆ ಇನ್‌ಪುಟ್ ಮತ್ತು ಔಟ್‌ಪುಟ್ ಎಂಬ ಎರಡು ಸಾಲುಗಳಿರುತ್ತವೆ. ಇನ್‌ಪುಟ್ ಸಾಲಿನಲ್ಲಿ 100-240 ವೋಲ್ಟ್ ಎಂದಿದ್ದರೆ ನಮ್ಮ ಮನೆಗಳ 230 ವೋಲ್ಟ್ ವಿದ್ಯುತ್ತಿಗೆ ಅದು ಸೂಕ್ತ. ಮುಖ್ಯವಾಗಿ ಪರಿಶೀಲಿಸಬೇಕಾದುದು ಔಟ್‌ಪುಟ್ ಸಾಲು. ಲೇಬಲ್ ಅಳಿಸಿಹೋಗಿದ್ದಲ್ಲಿ ಲ್ಯಾಪ್‌ಟಾಪ್‌ನ ತಳಭಾಗದಲ್ಲಿ ಅಥವಾ ಅದರ ಕೈಪಿಡಿಯಲ್ಲಿ ಇದೇ ವಿವರವನ್ನು ನೋಡಬಹುದು.

(ಅ) ವೋಲ್ಟ್: ಹೊಸ ಚಾರ್ಜರಿನ ವೋಲ್ಟ್ ಹಳೆಯದಕ್ಕೆ ಸಮನಾಗಿರತಕ್ಕದ್ದು. 19, 19.5 ಮತ್ತು 20 ವೋಲ್ಟ್ ಸಾಮಾನ್ಯವಾಗಿ ಕಂಡುಬರುವ ಪ್ರಮಾಣಗಳು. ಹೆಚ್ಚಿನ ವೋಲ್ಟ್ ನೀಡಿದಲ್ಲಿ ಒಳಗಿನ ಮಂಡಲ ಸುಟ್ಟುಹೋಗಬಹುದು.

(ಆ) ಆಂಪಿಯರ್: ಇದು ಹಳೆಯದಕ್ಕೆ ಸಮನಾಗಿರಬೇಕು ಅಥವಾ ಹೆಚ್ಚಾಗಿರಬೇಕು, ಕಡಿಮೆ ಇರಕೂಡದು. ಖಾತೆಯಲ್ಲಿ ಹೆಚ್ಚು ಹಣವಿದ್ದರೂ ಅಗತ್ಯವಿದ್ದಷ್ಟನ್ನೇ ಹಿಂಪಡೆಯುವಂತೆ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟು ಆಂಪಿಯರನ್ನು ಮಾತ್ರ ಪಡೆದುಕೊಳ್ಳುತ್ತದೆ. ಕಡಿಮೆ ಸಾಮರ್ಥ್ಯದ ಚಾರ್ಜರ್ ಮಾತ್ರ ಶಕ್ತಿ ಮೀರಿ ದುಡಿದು ಬಿಸಿಯಾಗುತ್ತದೆ.

(ಇ) ವ್ಯಾಟ್: ವೋಲ್ಟ್ ಮತ್ತು ಆಂಪಿಯರ್‌ಗಳ ಗುಣಲಬ್ಧವೇ ವ್ಯಾಟ್. ಉದಾಹರಣೆಗೆ, 19 ವೋಲ್ಟ್ ಮತ್ತು 3.42 ಆಂಪಿಯರ್ ಎಂದರೆ ಸುಮಾರು 65 ವ್ಯಾಟ್. 20 ವೋಲ್ಟ್ ಮತ್ತು 3.25 ಆಂಪಿಯರ್ ಎಂದರೂ 65 ವ್ಯಾಟ್. ಆದುದರಿಂದ ವ್ಯಾಟ್ ಒಂದನ್ನೇ ನೋಡಿ ಖರೀದಿಸಕೂಡದು.

(ಈ) ಧ್ರುವತೆ: ಪ್ಲಗ್ಗಿನ ನಡುಭಾಗ ಧನವೋ ಋಣವೋ ಎಂಬುದನ್ನು ಲೇಬಲ್ ಮೇಲಿನ ವೃತ್ತಾಕಾರದ ಚಿಹ್ನೆ ಸೂಚಿಸುತ್ತದೆ. ಎರಡರಲ್ಲಿಯೂ ಚಿಹ್ನೆ ಒಂದೇ ಆಗಿರತಕ್ಕದ್ದು.

3. ಪ್ಲಗ್

ದುಂಡು ಪ್ಲಗ್ಗುಗಳ ಹೊರ ಮತ್ತು ಒಳ ವ್ಯಾಸಗಳು ಮಾದರಿಯಿಂದ ಮಾದರಿಗೆ ಬೇರೆಯಾಗಿರುತ್ತವೆ, ಉದಾಹರಣೆಗೆ 5.5 ಮತ್ತು 2.5 ಮಿಲಿಮೀಟರ್. ಹಳೆಯ ಚಾರ್ಜರನ್ನು ಅಂಗಡಿಗೆ ಕೊಂಡೊಯ್ದು ಹೋಲಿಸುವುದು ಉತ್ತಮ. ಡೆಲ್ ಮತ್ತು ಎಚ್.ಪಿ. ಸಂಸ್ಥೆಗಳ ಅನೇಕ ಮಾದರಿಗಳಲ್ಲಿ ಪ್ಲಗ್ಗಿನ ನಡುವಿನ ಸಣ್ಣ ಪಿನ್ ಚಾರ್ಜರಿನ ಗುರುತನ್ನು ತಿಳಿಸುತ್ತದೆ. ಗುರುತು ದೊರೆಯದಿದ್ದಲ್ಲಿ ಬ್ಯಾಟರಿ ಚಾರ್ಜ್ ಆಗದಿರಬಹುದು ಅಥವಾ ಯಂತ್ರ ನಿಧಾನವಾಗಬಹುದು.

4. ಯುಎಸ್‌ಬಿ ಟೈಪ್-ಸಿ ಚಾರ್ಜರುಗಳು

ಪವರ್ ಡೆಲಿವರಿ ವ್ಯವಸ್ಥೆಯುಳ್ಳ ಇಂತಹ ಚಾರ್ಜರುಗಳು ಲ್ಯಾಪ್‌ಟಾಪ್‌ನೊಂದಿಗೆ ಸಂಕೇತ ವಿನಿಮಯ ಮಾಡಿಕೊಂಡು 5, 9, 15 ಅಥವಾ 20 ವೋಲ್ಟ್‌ಗಳ ಪೈಕಿ ಸೂಕ್ತವಾದುದನ್ನು ನೀಡುತ್ತವೆ. ಇಲ್ಲಿ ವ್ಯಾಟ್ ಸಾಮರ್ಥ್ಯ ಹಳೆಯದಕ್ಕಿಂತ ಕಡಿಮೆ ಇರಬಾರದು. 60 ವ್ಯಾಟ್ ಮೀರಿದಲ್ಲಿ 5 ಆಂಪಿಯರ್ ಸಾಮರ್ಥ್ಯದ ಕೇಬಲ್ ಸಹ ಅವಶ್ಯ. ಎಲ್ಲ ಲ್ಯಾಪ್‌ಟಾಪ್‌ಗಳ ಟೈಪ್-ಸಿ ರಂಧ್ರವೂ ಚಾರ್ಜಿಂಗ್‌ಗೆ ಅವಕಾಶ ನೀಡುವುದಿಲ್ಲವೆಂಬುದನ್ನು ಗಮನಿಸುವುದು.

5. ಗುಣಮಟ್ಟದ ಗುರುತು

ಕಡ್ಡಾಯ ನೋಂದಣಿಗೆ ಸಂಬಂಧಿಸಿದ 2012ರ ಆದೇಶದ ವ್ಯಾಪ್ತಿಗೆ ಮಾಹಿತಿ ತಂತ್ರಜ್ಞಾನ ಉಪಕರಣಗಳ ಪವರ್ ಅಡಾಪ್ಟರುಗಳನ್ನು 2014ರಲ್ಲಿ ಸೇರಿಸಲಾಯಿತು. ಅದರಂತೆ ಚಾರ್ಜರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಹಾಗೂ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಸದರಿ ಸಂಖ್ಯೆಯನ್ನು ಬ್ಯೂರೋದ 'ಬಿಐಎಸ್ ಕೇರ್' ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದಾಗಿದೆ. ನಮೂದಾಗಿರುವ ಉತ್ಪನ್ನಕ್ಕೂ ಕೈಯಲ್ಲಿರುವ ಚಾರ್ಜರಿಗೂ ತಾಳೆಯಾಗದಿದ್ದಲ್ಲಿ ಖರೀದಿಸಬೇಡಿರಿ.

6. ಖರೀದಿಯ ನಂತರ

ಮಾದರಿ ಸಂಖ್ಯೆ ನಮೂದಿಸಿದ ಬಿಲ್ಲನ್ನು ತಪ್ಪದೇ ಪಡೆದು ಜೋಪಾನವಾಗಿಡಿರಿ. ಮೊದಲ ಬಾರಿ ಚಾರ್ಜ್ ಮಾಡುವಾಗ ಹತ್ತಿರದಲ್ಲಿಯೇ ಇದ್ದು ಗಮನಿಸಿರಿ; ಹಾಸಿಗೆ ಅಥವಾ ದಿಂಬಿನ ಮೇಲೆ ಇಡಬೇಡಿರಿ. ಮುಟ್ಟಲಾಗದಷ್ಟು ಬಿಸಿಯಾದರೆ ಅಥವಾ ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ಚನ್ನು ತಕ್ಷಣ ಆರಿಸಿ ಬಳಕೆ ನಿಲ್ಲಿಸಿರಿ. ದೋಷಪೂರಿತ ಸರಕಿನ ಬಗ್ಗೆ ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಹಳೆಯ ಚಾರ್ಜರನ್ನು ಮನೆಯ ಕಸದೊಂದಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ನೀಡತಕ್ಕದ್ದು.

ವಿಶೇಷ ಸೂಚನೆ: ಸೂಕ್ತ ಚಾರ್ಜರ್ ದೊರೆಯುವುದು ತಡವಾಗುವಂತಿದ್ದರೆ, ಅರ್ಜಿದಾರರು ಬೇರೊಂದು ಗಣಕಯಂತ್ರದಿಂದ ಅಥವಾ ಸಮೀಪದ ಸೇವಾ ಕೇಂದ್ರದಿಂದ ಅರ್ಜಿ ಸಲ್ಲಿಸುವುದು ಸೂಕ್ತ. ಒಂದು ದಿನದ ಅವಸರಕ್ಕಾಗಿ ಹೊಂದದ ಚಾರ್ಜರನ್ನು ಜೋಡಿಸಿ, ಲ್ಯಾಪ್‌ಟಾಪನ್ನೂ ಅದರಲ್ಲಿರುವ ದಾಖಲೆಗಳನ್ನೂ ಕಳೆದುಕೊಳ್ಳಬಾರದಾಗಿ ಕೋರಲಾಗಿದೆ.