ಖಾತೆ ಅವ್ವನದು, ನಂಬರ್ ಯಾರದು?



ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಸಭೆಗಳಲ್ಲಿ "ಫೋನಿನಾಗ ರೊಕ್ಕ ಕಳಿಸ್ತೀರೇನ್ರಿ?" ಎಂದು ಕೇಳಿದರೆ "ಅದೆಲ್ಲಾ ಮಗ ನೋಡ್ತಾನ್ರಿ ಸಿಸ್ಟರ್" ಎನ್ನುತ್ತೀರಿ. ಓದು ಬಾರದ್ದಕ್ಕೆ ಹೀಗೆ ಎಂದು ನಾವು ತಿಳಿದಿದ್ದೆವು. ಅದು ನಮ್ಮ ತಪ್ಪು. ಸಾಲ, ಬಡ್ಡಿಯ ಲೆಕ್ಕ ಬಾಯಲ್ಲೇ ಹೇಳುವವರು ನೀವು.

2016ರಲ್ಲಿ ಬಂದ ಯುಪಿಐ ಒಬ್ಬರಿಗೆ ಒಂದು ಫೋನ್, ಒಂದು ಗುಟ್ಟಿನ ಪಿನ್ ಎಂದುಕೊಂಡು ಮಾಡಿದ್ದು. ನಮ್ಮ ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಒಂದೇ ಫೋನ್. ಗೃಹಲಕ್ಷ್ಮಿಯ 2000 ರೂಪಾಯಿ ಅವ್ವನ ಖಾತೆಗೆ ಜಮಾ ಆದರೂ ಮೆಸೇಜು ಮಗನಿಗೆ. ಅವ ಪುಣೆಗೆ ದುಡಿಯಲು ಹೋದರೆ ನಂಬರೂ ಅವನ ಸಂಗಡ ಹೋಯಿತು!

ರೂಢಿಗೆ ಹೊಂದಿದ್ದನ್ನು ಜನ ಬೇಗ ಹಿಡಿಯುತ್ತಾರೆ. ಆಫ್ರಿಕದ ಕೀನ್ಯಾದಲ್ಲಿ 2007ರಲ್ಲಿ ಬಂದ ಎಂ-ಪೆಸಾಕ್ಕೆ ಬಟನ್ ಫೋನ್ ಸಾಕಿತ್ತು. ನಗದು ಊರಿನ ಅಂಗಡಿಯಲ್ಲೇ ಸಿಗುತ್ತಿತ್ತು. ನಮ್ಮಲ್ಲೂ ಬಟನ್ ಫೋನಿನಲ್ಲಿ *99# ಒತ್ತಿ, ಇಂಟರ್‌ನೆಟ್ ಇಲ್ಲದೇ ಕಳಿಸಬಹುದು. ಆದರೆ ಖಾತೆಗೆ ಜೋಡಿಸಿದ ನಂಬರ್ ನಿಮ್ಮದೇ ಇರಬೇಕು. ಪಾಸ್‌ಬುಕ್, ಆಧಾರ್ ಹಿಡಿದು ಬ್ಯಾಂಕಿಗೆ ಹೋಗಿ ಬದಲಿಸಿಕೊಳ್ಳಿ.

ಪಿನ್ ಮಗನಿಗೂ ಹೇಳಬಾರದೇನ್ರಿ? ಹೇಳಬೇಡಿ. ಸಂಘದ ಪೆಟ್ಟಿಗೆ ಒಬ್ಬರ ಹತ್ತಿರ, ಕೀಲಿ ಇನ್ನೊಬ್ಬರ ಹತ್ತಿರ ಇಡುತ್ತೀರಲ್ಲ, ಅದು ಅಪನಂಬಿಕೆಯೇ? ರೊಕ್ಕ ಬರಲು ಪಿನ್ ಬೇಕಿಲ್ಲ. ಯಾರಾದರೂ ಕೇಳಿದರೆ ಮೋಸ. ರೊಕ್ಕ ಹೋದರೆ ತಡಮಾಡದೆ 1930ಕ್ಕೆ ಫೋನ್ ಹಚ್ಚಿರಿ.

ವಾರದ ಉಳಿತಾಯವನ್ನು ಪ್ರತಿನಿಧಿಯ ಸ್ವಂತ ನಂಬರಿಗೆ ಹಾಕಬೇಡಿ. ಸಂಘದ ಖಾತೆಗೇ ಹಾಕಿ, ಸಭೆಯಲ್ಲಿ ಎಲ್ಲರೆದುರು ಓದಿಸಿ, ಪಾಸ್‌ಬುಕ್ಕಿನಲ್ಲಿ ಬರೆಸಿರಿ.